ಬೆನ್ನು ನೋಡುವ ಕತ್ತೆ

ಅಮ್ಮ,

ನೀನು ತೀರಿಕೊಂಡ ಮೇಲೂ ನಿನಗೇ ಬರೆಯುತ್ತಿದ್ದೇನೆ. ಇದನ್ನು ಇನ್ನಾರಿಗೆ ಹೇಳಲಿ? ನೀನು ಟಿವಿಗೆಂದು ಹೊಲಿದು ಆಡಿಸುತ್ತಿದ್ದ ಕೈಗೊಂಬೆ ಕತ್ತೆ, ಮಾತಾಡುವ ಮುಂಚೆ ತಿರುಗಿ ತನ್ನ ಬೆನ್ನು ನೋಡಿಕೊಳ್ಳುತ್ತಿತ್ತಲ್ಲ? ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಆ ಚಾಳಿ ಎಲ್ಲಿಂದ ಬಂತೆಂದು ಟಿವಿಯವರು ಕೇಳಿದರು. ಹುಡುಕುತ್ತ ಇವತ್ತು ನಮ್ಮ ಹಳೇ ಮನೆಯ ಪಕ್ಕದ ಇಟ್ಟಿಗೆ ಗೂಡಿನ ತಾತನ ಬಳಿಗೆ ಹೋದೆ.

"ಅಯ್ಯೋ, ಅದು ನಮ್ಮ ಕತ್ತೇನೇ ಮಗಳೇ," ಎಂದ ತಾತ. "ನೀನು ಹುಟ್ಟೋ ಮುಂಚೆ ನಿಮ್ಮಕ್ಕ ಅದರ ಮೇಲೇ ಸವಾರಿ. ಅವಳು ಸರಿಯಾಗಿ ಕೂತಳಾ ಅಂತ ತಿರುಗಿ ನೋಡಿಯೇ ಹೆಜ್ಜೆ ಇಡ್ತಿತ್ತು. ಅವಳು ಕೆರೆಗೆ ಬಿದ್ದು ತೀರಿಹೋದ ಮೇಲೂ ಹಾಗೇ. ತಿರುಗಿ ಬೆನ್ನು ನೋಡ್ಕೊಂಡು ಸಮಾಧಾನವಾಗಿ ಹೊರಡ್ತಿತ್ತು. ಕತ್ತೆಗೇನು ಗೊತ್ತು ಅಂತಾರೆ ಜನ. ಅದಕ್ಕೇನು ಕಾಣ್ತಿತ್ತೋ, ನನಗಂತೂ ಬರೀ ಬೆನ್ನು."

ಅಕ್ಕನ ವಿಷಯ ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮನೆಗೆ ಬಂದು ಪೆಟ್ಟಿಗೆಯಿಂದ ಗೊಂಬೆ ತೆಗೆದು ಬಲಗೈಗೆ ತೊಟ್ಟೆ. ನಾನು ಕೈ ತಿರುಗಿಸಲೇ ಇಲ್ಲ, ಅಮ್ಮ. ಅದೇ ತಿರುಗಿತು, ಬೆನ್ನು ನೋಡಿತು. ಮರುಗಳಿಗೆಯಲ್ಲೇ ನನ್ನ ತೋಳಿನ ಮೇಲೆ ಯಾರೋ ಹತ್ತಿ ಕೂತಷ್ಟು ಭಾರವಾಯಿತು.

ಅವಳನ್ನು ಇಳಿಸಲು ಮನಸ್ಸು ಬರುತ್ತಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.