ಎರಡು ಸಲ ಬಿದ್ದ ಪೆರಾಕ್ಸೈಡ್

೧೪ ಮಾರ್ಚ್, ಗುರುವಾರ

ಚರ್ಮಕೋಶ ಬೆಳೆಸಿದ್ದ ಎರಡೂ ತಟ್ಟೆಗಳಿಗೆ ಪೆರಾಕ್ಸೈಡನ್ನು ಎರಡೆರಡು ಸಲ ಹಾಕಿಬಿಟ್ಟೆ. ಒಮ್ಮೆ ಹಾಕಿದ ಕೂಡಲೇ ಮುಚ್ಚಳದ ಮೇಲೆ ಚುಕ್ಕೆ ಇಡುವುದು ನಮ್ಮ ಲ್ಯಾಬಿನ ಪದ್ಧತಿ. ಚುಕ್ಕೆ ಇಡುವ ಹೊತ್ತಿಗೆ ಸರಿಯಾಗಿ ಅಕ್ಕನ ಫೋನು. "ಮಗು ನಿನ್ನ ಹಾಗೇ ಕಪ್ಪು ಕಣೇ, ಏನ್ ಮಾಡೋದು?" ಹೆತ್ತವರಿಗೆ ಹೆಗ್ಗಣವೂ ಮುದ್ದು ಅಂತಾರೆ, ಇವಳಿಗೋ ಹನ್ನೊಂದು ದಿನದ ಚಿನ್ನದಂಥ ಕೂಸಿನ ಮೇಲೂ ದೂರು! ಸಿಟ್ಟಿನಲ್ಲಿ ಫೋನಿಟ್ಟು ಬಂದವಳು, ಚುಕ್ಕೆ ಕಾಣಲಿಲ್ಲವೆಂದು ಇನ್ನೊಮ್ಮೆ ಹನಿಸಿದೆ.

ಸಂಜೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಒಂದು ತಟ್ಟೆಯಲ್ಲಿ ಬಣ್ಣವಿಲ್ಲದ ಚರ್ಮಕೋಶಗಳೆಲ್ಲ ಸುರುಟಿ ತೇಲುತ್ತಿದ್ದವು. ಆರು ವಾರದ ಕೆಲಸ ನೀರುಪಾಲು. ಪಕ್ಕದ ತಟ್ಟೆಯಲ್ಲಿ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ತುಂಬಿದ ಕೋಶಗಳು ಮಾತ್ರ ಕಾಲೂರಿ ಕೂತಿದ್ದವು. ಪೆರಾಕ್ಸೈಡಿನಿಂದ ಹುಟ್ಟಿ ಕೋಶವನ್ನು ಒಳಗಿನಿಂದ ಸುಡುವ ಪುಂಡ ಕಣಗಳನ್ನು ಆ ಕರಿ ಕಾಳುಗಳು ಹಿಡಿದು, ನುಂಗಿ, ತಣ್ಣಗಾಗಿಸಿದ್ದವು. ಪುಸ್ತಕದಲ್ಲಿ ನೂರು ಸಲ ಓದಿದ್ದೇ. ಕಣ್ಣಾರೆ ಕಂಡಾಗ ಕೈಮುಗಿಯಬೇಕೆನಿಸಿತು.

ಲ್ಯಾಬಿನ ಮುಖ್ಯಸ್ಥೆ ಮೇಡಂ ಹತ್ತಿರ ತಪ್ಪೊಪ್ಪಿಕೊಂಡೆ. ಅವರೂ ಬಗ್ಗಿ ನೋಡಿದರು, ಬಹಳ ಹೊತ್ತು.

"ಬೈಯೋಣ ಅಂತ ಬಂದೆ. ಇವು ಬೈಯೋಕೇ ಬಿಡ್ತಿಲ್ಲವಲ್ಲಮ್ಮ! ಎರಡನ್ನೂ ಮತ್ತೆ ಬೆಳೆಸು. ಈ ಸಲ ಬೇಕಂತಲೇ ಎರಡು ಸಲ ಹಾಕು."

ಬಸ್ಸಿನಲ್ಲಿ ರವಿಕೆಯ ತೋಳು ಮಡಚಿ, ಕಿಟಕಿಗೆ ಒರಗಿದ್ದ ನನ್ನ ತೋಳನ್ನೇ ದಾರಿಯುದ್ದಕ್ಕೂ ನೋಡುತ್ತ ಬಂದೆ. ಮೂವತ್ತನಾಲ್ಕು ವರ್ಷ, ಉದ್ದ ತೋಳಿನ ಬಟ್ಟೆಯಲ್ಲಿ ಮುಚ್ಚಿಟ್ಟಿದ್ದು ಇಂಥ ಕಾವಲುಗಾರರನ್ನೇ?

ನಿದ್ದೆ ಬರುತ್ತಿದೆ. ಆದರೂ ಅಕ್ಕನಿಗೆ ಒಂದು ಫೋನು ಮಾಡಬೇಕು. ಬೆಳಿಗ್ಗೆ ಅಂದಿದ್ದನ್ನು ಇನ್ನೊಂದ್ಸಲ ಹೇಳು ಅನ್ನಬೇಕು. ಮಗು ಯಾರ ಹಾಗಿದೆ ಅಂದೆ, ಅಕ್ಕಾ?