ಬೆನ್ನ ಹಿಂದೆ ನಿಲ್ಲುವ ಕೆಲಸ

11 ನವೆಂಬರ್, ಮಂಗಳವಾರ

ಗಾರ್ಮೆಂಟ್ಸಿನಲ್ಲಿ ನಾನು ಸೂಪರ್‌ವೈಸರ್ ಆಗಿರುವ ಹೊಲಿಗೆ ಲೈನಿನ ಓಬಕ್ಕ ಇವತ್ತೂ ಕಾಲರ್ ಹೊಲಿಯೋದು ನಿಲ್ಲಿಸಿ ಕೂತಳು. ಮೂರು ದಿನದಿಂದ ಇದೇ ಜಗಳ. ಹರಿಹರದಿಂದ ದಿನಾ ಬಸ್ಸಿಗೆ ದಾವಣಗೆರೆಗೆ ಬರುವ ಹೆಂಗಸು, ಕೆಲಸಗಳ್ಳಿ ಅಲ್ಲ. ಟಾರ್ಗೆಟ್ ಜಾಸ್ತಿಯಾದ ಸಿಟ್ಟು ಅಂತಲೇ ತಿಳಿದಿದ್ದೆ. ಊಟದ ಹೊತ್ತಿಗೆ ಪಕ್ಕ ಹೋಗಿ ಕೂತೆ.

"ಎಷ್ಟು ಪೀಸು ಇಳಿಸಬೇಕು, ನೀವೇ ಹೇಳ್ರಿ ಓಬಕ್ಕ."

"ಇಳಿಸಬ್ಯಾಡ್ರಿ ಮೇಡಂ. ನೀವು ಟೈಮ್ ನೋಡ್ತಾ ಬೆನ್ನ ಹಿಂದೆ ನಿಂತ್ರೆ ನನಗೆ ಕೈನೇ ಓಡಂಗಿಲ್ಲ. ಆ ಬಾಗ್ಲತ್ರ ನಿಂತ್ಕಳ್ರಿ, ಸಾಕು."

ಎಲ್ಲರೆದುರೇ ಹೇಳಿದಳು. ನನ್ನ ಮುಖ ಬಿಸಿಯಾಯಿತು. ಆದರೂ "ಆಗಲಿ" ಅಂದೆ. ಮಧ್ಯಾಹ್ನವೆಲ್ಲ ಬಾಗಿಲ ಹತ್ತಿರವೇ ಇದ್ದೆ. ಅವಳ ಮಷೀನು ಒಮ್ಮೆಯೂ ನಿಲ್ಲಲಿಲ್ಲ.

ನಾನೇನು ಬೇಕಂತ ನಿಲ್ಲುತ್ತೇನಾ? ಮ್ಯಾನೇಜರ್ ಕೊಟ್ರೇಶ್ ತಾಸಿಗೊಮ್ಮೆ ಫೋನ್ ಮಾಡಿ "ಎಷ್ಟಾತು?" ಅಂತಾರೆ. ಫೋನ್ ಇಟ್ಟ ಕೂಡಲೇ ನಾನು ಹೋಗಿ ಯಾರದಾದರೂ ಬೆನ್ನ ಹಿಂದೆ ನಿಲ್ಲುತ್ತೇನೆ. ಇವತ್ತು ನಾಲ್ಕಕ್ಕೆ ಅವರ ಫೋನ್ ಮತ್ತೆ ಬಂತು.

"ಐದೂವರೆಗೆ ನಾನೇ ಹೇಳ್ತೀನಿ ಸರ್, ಅಲ್ಲೀತನಕ ಫೋನ್ ಮಾಡಬ್ಯಾಡ್ರಿ" ಅಂದುಬಿಟ್ಟೆ.

ನಾಲ್ಕು ವರ್ಷದಲ್ಲಿ ಅವರಿಗೆ ಹೀಗಂದಿದ್ದು ಇದೇ ಮೊದಲು. ಅವರು ಫೋನ್ ಇಟ್ಟರು. ಐದೂವರೆಗೆ ನಾನು ಲೆಕ್ಕ ಕಳಿಸುವ ತನಕ ಮತ್ತೆ ಬರಲೇ ಇಲ್ಲ. ಸಿಟ್ಟೋ, ಒಪ್ಪಿಗೆಯೋ ಗೊತ್ತಿಲ್ಲ. ನಾಳೆ ಮತ್ತೆ ಮಾಡಿದರೂ ಇದನ್ನೇ ಹೇಳಬೇಕು. ಹೇಳೋಕೆ ಬಾಯಿ ಬಂದರೆ...