ಎಲುಬು ಮಾತಾಡ್ತದ

ಕಲಬುರಗಿ, ಬುಧವಾರ

ಆಡಕಿಯಲ್ಲಿರುವ ನನ್ನ ಅವ್ವನಿಗೆ ದೇವಿಕಾ ಮಾಡುವ ನಮಸ್ಕಾರ.

ಹೋದ ರಜೆಯಲ್ಲಿ ಭೀಮಶಾ ಕಾಕಾನ ಮುರಿದ ಕೈ ಕಟ್ಟುವಾಗ ನೀನು "ಎಲುಬು ಮಾತಾಡ್ತದ ನೋಡು" ಅಂದೆ. "ಒಣ ಎಲುಬು ಏನ್ ಮಾತಾಡ್ತದವ್ವಾ?" ಎಂದು ನಾನು ಅವನೆದುರೇ ನಕ್ಕೆ. ನೀನು ತಲೆ ಎತ್ತದೆ ಪಟ್ಟಿ ಸುತ್ತಿದೆ.

ಇವತ್ತು ಕ್ಲಾಸಿನಲ್ಲಿ ಆಸ್ಟಿಯೋಕ್ಯಾಲ್ಸಿನ್ ಪಾಠವಾಯಿತು. ಎಲುಬಿನಲ್ಲೇ ಹುಟ್ಟುವ ಸಣ್ಣ ಪ್ರೋಟೀನು. ಮೂರು ಕಡೆ ಕ್ಯಾಲ್ಸಿಯಂ ಹಿಡಿದು ಎಲುಬಿಗೆ ಅಂಟಿರುತ್ತದೆ. ಆ ಹಿಡಿತ ಸಡಿಲವಾದ ಪ್ರೋಟೀನು ರಕ್ತಕ್ಕೆ ಸೇರಿ, ಇನ್ಸುಲಿನ್ ಬಿಡು ಎಂದು ಹೊಟ್ಟೆಯ ಗ್ರಂಥಿಗೆ ಹೇಳುತ್ತದಂತೆ. ಇಲಿಗಳಲ್ಲಿ ಕಂಡಿದ್ದಾರೆ, ಮನುಷ್ಯರಲ್ಲಿ ಇನ್ನೂ ಹುಡುಕುತ್ತಿದ್ದಾರೆ.

ಕಾಲೇಜಿನ ಫಾರ್ಮಿನಲ್ಲಿ ನಿನ್ನ ಕೆಲಸ 'ಮನೆಗೆಲಸ' ಎಂದು ಬರೆದಿದ್ದೆ, ಅವ್ವ. ಕ್ಲಾಸು ಮುಗಿದ ಮೇಲೆ ಆಫೀಸಿಗೆ ಹೋಗಿ 'ಎಲುಬು ಕೂಡಿಸುವವರು' ಎಂದು ತಿದ್ದಿಸಿದೆ.

ಶನಿವಾರ ಪಾಲಕರ ಸಭೆ ಇದೆ. ಹೋದ ಸಲ ನಿನಗೆ ತಿಳಿಸಿರಲಿಲ್ಲ. ಈ ಸಲ ಬಾ. ನೀನು ಬರುವ ಸೇಡಂ ಬಸ್ಸಿಗೆ ಕಾಯುತ್ತಿರುತ್ತೇನೆ.

ನಿನ್ನ ಮಗಳು,
ದೇವಿಕಾ